ಅಕ್ಕಪಕ್ಕದವರು ನಮ್ಮ ಕುದುರೆ ಅರೇನಾ ಬಳಸ್ತೀವಿ ಅಂತ ಕೇಳ್ತಿದ್ದಾರೆ. ಬಿಡಬೇಕಾ, ಬೇಡವಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದಿಂದ ಘಾಟಿ ಕಡೆ ಹೋಗುವ ದಾರಿಯಲ್ಲಿ ನಮ್ಮದು ಎರಡೂವರೆ ಎಕರೆ ತೋಟ. ಎರಡು ಕುದುರೆ ಇವೆ. ಒಂದು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಹೆಣ್ಣು. ಇನ್ನೊಂದು ಹದಿನೇಳು ವರ್ಷದ ಕಾಠಿಯಾವಾಡಿ, ತುಂಬಾ ಸಾಧು. ಮಗಳಿಗೋಸ್ಕರ 2019ರಲ್ಲಿ 20 ಮೀಟರ್ ಅಗಲ, 40 ಮೀಟರ್ ಉದ್ದದ ಅರೇನಾ, ಅಂದರೆ ಕುದುರೆ ಸವಾರಿಯ ಮೈದಾನ, ಮಾಡಿಸಿದೆ. ಕೆಳಗೆ ಜಲ್ಲಿ, ಅದರ ಮೇಲೆ ಬಟ್ಟೆ, ಮೇಲೆ ಮರಳು. ಈಗ ಅವಳು ಓದಲು ಊರು ಬಿಟ್ಟಿದ್ದಾಳೆ. ನಾನು ವಾರಕ್ಕೆ ಮೂರು ಬೆಳಿಗ್ಗೆ ಸವಾರಿ ಮಾಡಿದರೆ ಹೆಚ್ಚು. ಉಳಿದ ಹೊತ್ತು ಅದು ಖಾಲಿ.

ಈಗ ಮೂರು ಕಡೆಯಿಂದ ಕೇಳ್ತಿದ್ದಾರೆ.

ಪಕ್ಕದ ತೋಟದ ದಂಪತಿ ಹೊಸದಾಗಿ ಎರಡು ಮಾರವಾಡಿ ಕುದುರೆ ತಂದಿದ್ದಾರೆ. ಅವರಿಗೆ ಓಡಿಸಲು ಜಾಗ ಇಲ್ಲ. ವಾರಕ್ಕೆ ಮೂರು ಸಂಜೆ ಬರ್ತೀವಿ ಅಂತಾರೆ.

ಊರಿನ ನಾಲ್ಕು ಮಕ್ಕಳು ಇದ್ದಾರೆ, ಒಂಬತ್ತರಿಂದ ಹದಿಮೂರು ವರ್ಷದವರು. ದಿನಾ ಬೆಳಿಗ್ಗೆ ಬೇಲಿಯ ಅಡ್ಡಪಟ್ಟಿಗೆ ಗದ್ದ ಊರಿ ನಿಂತಿರುತ್ತಾರೆ. ಕಾಠಿಯಾವಾಡಿ ಮೇಲೆ ಕೂರಬೇಕು ಅಂತ ಆಸೆ.

ಬದುವಿನ ಆಚೆಯ ಅಜ್ಜ ರಾಗಿ ಕೊಯ್ದ ಮೇಲೆ ಒಂದು ವಾರ ಅಲ್ಲಿ ತೆನೆ ಒಣಗಿಸಿಕೊಳ್ಳಲಾ ಅಂತ ಕೇಳಿದ್ದಾರೆ.

ಹೆಂಡತಿ ಎಲ್ಲರಿಗೂ ಹೂಂ ಅನ್ನಿ ಅಂತಾಳೆ. ನನ್ನ ತಮ್ಮ ಯಾರಿಗೂ ಬೇಡ ಅಂತಾನೆ. ಅವನಿಗೂ ಕಾರಣ ಇದೆ. ಹೋದ ತಿಂಗಳು ಜೋರು ಮಳೆಯಾದ ಮರುದಿನ ನಾವು ಇಲ್ಲದಾಗ ಯಾರೋ ಕುದುರೆ ಓಡಿಸಿದ್ದರು. ಒಂದು ಮೂಲೆಯಲ್ಲಿ ಗೊರಸು ಬಟ್ಟೆಯನ್ನೇ ಹರಿದು ಜಲ್ಲಿ ಮೇಲೆ ಬಂದಿತ್ತು. ಕೇಳಿದಾಗ ಪಕ್ಕದ ತೋಟದವರೇ ಒಪ್ಪಿಕೊಂಡರು, ಬೇಜಾರೂ ಮಾಡಿಕೊಂಡರು. ಜಗಳ ಆಗಲಿಲ್ಲ. ಆದರೆ ಮನಸ್ಸಿಗೆ ಕಸಿವಿಸಿ. ನಿಮ್ಮ ಅನುಭವ ಹೇಳಿ.

ಹುರುಳಿಹೊಲ
ತಮ್ಮನ ಮಾತು ಕೇಳಿ. ಬೆರಳು ಕೊಟ್ಟರೆ ಹಸ್ತ ನುಂಗುವ ಕಾಲ ಇದು. ಇವತ್ತು ಅರೇನಾ, ನಾಳೆ ಮೇವು, ನಾಡಿದ್ದು ಕುದುರೆ ನೋಡಿಕೊಳ್ಳುವ ನಿಮ್ಮ ಸೈಸನೂ ಅವರವನೇ.

ರಾಗಿಕಣ
ಅಜ್ಜನ ವಿಷಯ ಮೊದಲು ಹೇಳ್ತೀನಿ. ದಯವಿಟ್ಟು ಅಲ್ಲಿ ರಾಗಿ ಹಾಕಿಸಬೇಡಿ. ನಿಮ್ಮ ಮರಳಿಗಿಂತ ಅವರ ರಾಗಿಗೇ ತೊಂದರೆ. ರಾಗಿ ಕಾಳೂ ಮರಳಿನ ಕಾಳೂ ಗಾತ್ರದಲ್ಲಿ ಹೆಚ್ಚು ಕಮ್ಮಿ ಒಂದೇ. ಜರಡಿ ಹಿಡಿದರೂ ಬೇರೆಯಾಗಲ್ಲ. ವರ್ಷವಿಡೀ ಮುದ್ದೆ ನುಂಗುವಾಗ ಗಂಟಲಲ್ಲಿ ಕರಕರ ಅಂತ ಸಿಗುತ್ತೆ. ಕಣವನ್ನು ಸಗಣಿ ಸಾರಿಸಿ ಗಟ್ಟಿ ಮಾಡುತ್ತಿದ್ದದ್ದು ಸುಮ್ನೆ ಅಲ್ಲ.

ತೋಟದಮನೆ
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ಲಾಯದ ಮುಂದೆ ಸಿಮೆಂಟ್ ಅಂಗಳ ಇದೆ. ಕುದುರೆಗಳನ್ನು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದರೆ ಅದನ್ನೇ ಕೊಡಬಹುದು.

ರಾಗಿಕಣ
ಅದೇ ಸರಿ. ಟಾರು ರಸ್ತೆ ಮೇಲೆ ಹರಡುವುದಕ್ಕಿಂತ ನೂರು ಪಾಲು ಮೇಲು. ನಮ್ಮ ಊರಲ್ಲಿ ಪ್ರತಿ ಸುಗ್ಗಿಯಲ್ಲೂ ಬೈಕ್‌ನವರು ಆ ಹುಲ್ಲಿನ ಮೇಲೆ ಜಾರಿ ಬೀಳುತ್ತಾರೆ.

ಬೈಕ್‌ಸವಾರ
ನಾನೂ ಬಿದ್ದವನೇ. ಮೊಣಕೈಗೆ ಏಳು ಹೊಲಿಗೆ. ಆದರೆ ರೈತರು ತಾನೇ ಎಲ್ಲಿ ಹಾಕ್ತಾರೆ? ಪಂಚಾಯಿತಿಗೊಂದು ಒಕ್ಕಣೆ ಕಣ ಕಟ್ಟಿಸಿ ಅಂತ ಎಷ್ಟು ವರ್ಷದಿಂದ ಕೇಳ್ತಿದ್ದೀವಿ...

ದನಕರುಡಾಕ್ಟ್ರು
ಅಂಗಳ ಕೊಡಿ, ಆದರೆ ಲಾಯದ ಬಾಗಿಲಿನ ಚಿಲಕ ಎರಡು ಸಲ ನೋಡಿ. ಕುದುರೆಗೆ ವಾಂತಿ ಮಾಡಲು ಆಗಲ್ಲ. ರಾತ್ರಿ ಬಿಚ್ಚಿಕೊಂಡು ಬಂದು ರಾಶಿಗೆ ಬಾಯಿ ಹಾಕಿದರೆ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಬರುತ್ತೆ. ಬದುಕಿದರೂ ಗೊರಸಿನ ಒಳಗೆ ಉರಿಯೂತ ಬಂದು ಕುಂಟಾಗಬಹುದು.

ಇನ್ನು ಪಕ್ಕದ ತೋಟದ ಕುದುರೆಗಳು. ನನ್ನ ಪ್ರಕಾರ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಅವನ್ನು ಎಲ್ಲಿಂದ ತಂದರು, ಯಾವಾಗ ತಂದರು, ರಕ್ತ ಪರೀಕ್ಷೆ ಮಾಡಿಸಿದ್ದಾರಾ? ಗ್ಲ್ಯಾಂಡರ್ಸ್ ಅಂತ ಒಂದು ರೋಗ ಇದೆ. ಮೂಗಿನಲ್ಲಿ ಹುಣ್ಣು, ಸಿಂಬಳ, ಚರ್ಮದ ಮೇಲೆ ಗಂಟು. ಮನುಷ್ಯರಿಗೂ ಹರಡುತ್ತೆ. ಲಸಿಕೆ ಇಲ್ಲ. ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು. 2009ರ ಪ್ರಾಣಿ ರೋಗ ಕಾಯ್ದೆಯ ಪ್ರಕಾರ ಅನುಮಾನ ಬಂದರೂ ಪಶು ಇಲಾಖೆಗೆ ತಿಳಿಸಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ಪರೀಕ್ಷೆ ಮಾಡುತ್ತೆ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿದರೆ ರಕ್ತ ಕಳಿಸುವ ದಾರಿ ಹೇಳುತ್ತಾರೆ.

ಅದಲ್ಲದೆ ಗಂಟಲು ಬಾವು, ಕುದುರೆ ಫ್ಲೂ ಇವೂ ಇವೆ. 2008-09ರಲ್ಲಿ ಫ್ಲೂ ದೇಶದ ಎಷ್ಟೋ ಕಡೆ ಹರಡಿತ್ತು. ಹೊಸ ಕುದುರೆಯನ್ನು ಎರಡು ಮೂರು ವಾರ ಬೇರೆ ಇಟ್ಟು ನೋಡಿದ ಮೇಲೆ ಬರಲಿ. ನೀರಿನ ತೊಟ್ಟಿ, ಬ್ರಷ್, ಕಡಿವಾಣ ಯಾವುದನ್ನೂ ಹಂಚಿಕೊಳ್ಳಬೇಡಿ. ಅರೇನಾ ಹಂಚಿಕೊಳ್ಳಬಹುದು, ಬಕೆಟ್ ಹಂಚಿಕೊಳ್ಳಬಾರದು.

ಹುರುಳಿಹೊಲ
ನೋಡಿದ್ರಾ? ಇಷ್ಟೆಲ್ಲಾ ತಲೆನೋವು ಯಾಕೆ ಬೇಕು?

ಯಾರ್ಕ್‌ಷೈರ್ ಕನ್ನಡಿಗ
ತಲೆನೋವು ಅಲ್ಲ, ಅಭ್ಯಾಸ ಅಷ್ಟೇ. ನಾನು ಇಂಗ್ಲೆಂಡಿನಲ್ಲಿ ಹಳ್ಳಿ ಕಡೆ ಇದ್ದೀನಿ. ಇಲ್ಲಿ ಇದು ದಿನನಿತ್ಯದ ವಿಷಯ. ನನ್ನ ಮಗಳು ಸವಾರಿ ಮಾಡುವುದೇ ಪಕ್ಕದ ಮನೆಯವರ ಅರೇನಾದಲ್ಲಿ. ಚಳಿಗಾಲದಲ್ಲಿ ಇಲ್ಲಿನ ಹೊಲಗಳೆಲ್ಲ ಕೆಸರು, ಸಂಜೆ ನಾಲ್ಕಕ್ಕೇ ಕತ್ತಲೆ. ದೀಪ ಇರುವ ಅರೇನಾ ಯಾರ ಹತ್ತಿರ ಇದೆಯೋ ಅವರೇ ದೇವರು.

ಇಲ್ಲಿ ಅರೇನಾ ಕಟ್ಟಲು ಕೌನ್ಸಿಲ್ ಅನುಮತಿ ಬೇಕು. 'ಸ್ವಂತ ಬಳಕೆಗೆ ಮಾತ್ರ' ಅಂತ ಷರತ್ತು ಹಾಕಿರುತ್ತಾರೆ ಎಷ್ಟೋ ಸಲ. ಸ್ನೇಹಕ್ಕೆ ಒಬ್ಬರು ಬಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಗಂಟೆಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡರೆ ಷರತ್ತು ಮುರಿದ ಹಾಗೆ ಆಗಬಹುದು. ನಿಮ್ಮದೇ ಕುದುರೆಯನ್ನು ಬಾಡಿಗೆಗೆ ಕೊಟ್ಟರಂತೂ 2018ರ ನಿಯಮದ ಪ್ರಕಾರ ಲೈಸೆನ್ಸ್ ಬೇಕೇ ಬೇಕು. 1971ರ ಪ್ರಾಣಿ ಕಾಯ್ದೆ ಬೇರೆ ಇದೆ. ಕೆಲವು ಸಂದರ್ಭದಲ್ಲಿ ನಿಮ್ಮ ತಪ್ಪು ಇಲ್ಲದಿದ್ದರೂ ನಿಮ್ಮ ಪ್ರಾಣಿ ಮಾಡಿದ ಹಾನಿಗೆ ನೀವೇ ಹೊಣೆ. ಅದಕ್ಕೇ ಪಕ್ಕದವರು ಮೊದಲ ದಿನವೇ ನಮ್ಮ ವಿಮೆ ಕಾಗದ ಕೇಳಿದರು. ನನಗೆ ಆಗ ಸ್ವಲ್ಪ ಚುರುಕ್ ಅಂತು. ಈಗ ಅನ್ನಿಸುತ್ತೆ, ಆಮೇಲೆ ನಾವು ಐದು ವರ್ಷ ನೆಮ್ಮದಿಯಾಗಿ ಇದ್ದದ್ದು ಆ ಒಂದು ಕಾಗದದಿಂದಲೇ.

ಡಲ್ಲಾಸ್‌ಮಾವ
ಟೆಕ್ಸಸ್‌ನಲ್ಲಿ ಕಾನೂನೇ ಬೇರೆ ತರ. ಕುದುರೆ ಅಂದರೆ ಅಪಾಯ ಇದ್ದದ್ದೇ, ಆ ಸಹಜ ಅಪಾಯಕ್ಕೆ ಮಾಲೀಕನನ್ನು ಹೊಣೆ ಮಾಡಬೇಡಿ ಅನ್ನುತ್ತೆ. ಕುದುರೆ ಕೇಂದ್ರಗಳ ಗೇಟಿನಲ್ಲಿ ಎಚ್ಚರಿಕೆ ಬೋರ್ಡ್ ನೇತು ಹಾಕಿರುತ್ತಾರೆ. ನೀವೂ ಒಂದು ಬೋರ್ಡ್ ಹಾಕಿಬಿಡಿ, ಮುಗೀತು.

ಕೋರ್ಟ್‌ಹಾಲ್
ಮುಗಿಯಲ್ಲ ಮಾವ. ನಮ್ಮಲ್ಲಿ ಆ ತರ ಪ್ರತ್ಯೇಕ ಕಾನೂನು ಇಲ್ಲ. ಬೋರ್ಡ್ ಹಾಕುವುದು ಒಳ್ಳೆಯದೇ, ಎಚ್ಚರಿಕೆ ಕೊಟ್ಟಿದ್ದೆವು ಅಂತ ತೋರಿಸಲು ಆಗುತ್ತೆ. ಅದೇ ರಕ್ಷಾಕವಚ ಅಂದುಕೊಳ್ಳಬೇಡಿ. ನಿಮ್ಮ ಅಜಾಗರೂಕತೆಯಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೇಳಬಹುದು. ನಿಮ್ಮ ಪ್ರಾಣಿಯನ್ನು ಸರಿಯಾಗಿ ನೋಡಿಕೊಳ್ಳದೆ ಜನರ ಪ್ರಾಣಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ. ಹಳೆಯ ಐಪಿಸಿಯಲ್ಲಿ ಇದು 289 ಆಗಿತ್ತು. 6 ತಿಂಗಳವರೆಗೆ ಜೈಲು, ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮಕ್ಕಳ ಹತ್ತಿರ ಸಹಿ ಹಾಕಿಸಿಕೊಂಡು ಪ್ರಯೋಜನ ಇಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡುವಂತಿಲ್ಲ. ಅಪ್ಪ ಅಮ್ಮನ ಒಪ್ಪಿಗೆ ಬರೆಸಿಕೊಳ್ಳಿ. ನೀವು ಅಜಾಗರೂಕರಾಗಿದ್ದರೆ ಅದೂ ನಿಮ್ಮನ್ನು ಪೂರ್ತಿ ಕಾಪಾಡಲ್ಲ. ಆದರೆ ಅಪಾಯ ಗೊತ್ತಿದ್ದೇ ಕಳಿಸಿದ್ದರು ಅನ್ನುವುದಕ್ಕೆ ಸಾಕ್ಷಿ.

ಹುರುಳಿಹೊಲ
ವಕೀಲರೇ, ದಾರಿ ಹಕ್ಕಿನ ಕಥೆ ಹೇಳಿ. ಹತ್ತು ವರ್ಷ ಬಳಸಿದರೆ ಜಾಗ ಅವರದ್ದೇ ಆಗುತ್ತಲ್ವಾ? ನಮ್ಮ ಊರಲ್ಲಿ ಹೀಗೇ ಒಂದು ಕಾಲುದಾರಿ ಹೋಯಿತು.

ಕೋರ್ಟ್‌ಹಾಲ್
ಎಲ್ಲರೂ ಹೇಳುವ ತಪ್ಪು ಇದು. ಅನುಭೋಗದ ಹಕ್ಕು, ಅಂದರೆ ಬೇರೆಯವರ ಜಾಗವನ್ನು ದಾರಿ ಮುಂತಾದ್ದಕ್ಕೆ ಬಳಸುವ ಹಕ್ಕು, ಬರಲು 1882ರ ಅನುಭೋಗ ಕಾಯ್ದೆಯ ಪ್ರಕಾರ 20 ವರ್ಷ ಬಳಸಿರಬೇಕು. ಅದೂ ಹಕ್ಕಿನಿಂದ, ಯಾರನ್ನೂ ಕೇಳದೆ, ತಡೆಯಿಲ್ಲದೆ. ಜಮೀನೇ ಕೈತಪ್ಪುವುದು ಬೇರೆ ವಿಷಯ. ಅದಕ್ಕೆ ಮಾಲೀಕನ ವಿರುದ್ಧ 12 ವರ್ಷ ಸ್ವಾಧೀನ ಇರಬೇಕು. ನಿಮ್ಮ ಅನುಮತಿ ಪಡೆದು ಬಳಸುವವರಿಗೆ ಎರಡೂ ಸಿಗಲ್ಲ. ಅನುಮತಿ ಅಂದರೆ ಲೈಸೆನ್ಸ್, ಅದನ್ನು ವಾಪಸ್ ತೆಗೆದುಕೊಳ್ಳಬಹುದು.

ಹಾಗಾಗಿ ತೋಟದಮನೆಯವರೇ, ಅಪಾಯ ಇರುವುದು 'ಬನ್ನಿ' ಅನ್ನುವುದರಲ್ಲಿ ಅಲ್ಲ. ಕೇಳದೆ ಬಂದವರನ್ನು ನೋಡಿಯೂ ಸುಮ್ಮನಿರುವುದರಲ್ಲಿ. ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಬಾಡಿಗೆ ಇಲ್ಲ, ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತ ಬರೆಯಿರಿ.

ಇನ್ನೊಂದು ಮುಖ್ಯ ವಿಷಯ. 'ನಾವೇ ದುಡ್ಡು ಹಾಕಿ ಹೊಸ ಬೇಲಿ ಕಟ್ಟಿಸ್ತೀವಿ, ದೀಪ ಹಾಕಿಸ್ತೀವಿ' ಅಂದರೆ ಒಪ್ಪಬೇಡಿ. ಅನುಮತಿಯನ್ನು ನಂಬಿ ಅವರು ಖರ್ಚು ಮಾಡಿ ಶಾಶ್ವತ ಕಟ್ಟಡ ಕಟ್ಟಿದರೆ ಆಮೇಲೆ ಅನುಮತಿ ರದ್ದು ಮಾಡುವುದು ಕಷ್ಟ. ಅದೇ ಕಾಯ್ದೆಯ 60ನೇ ಸೆಕ್ಷನ್.

ತೋಟದಮನೆ
ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು! ಪಕ್ಕದವರು ಫ್ಲಡ್‌ಲೈಟ್ ಹಾಕಿಸಿಕೊಡ್ತೀವಿ ಅಂತ ನಿಜಕ್ಕೂ ಹೇಳಿದ್ದರು. ಖುಷಿಯಿಂದ ಹೂಂ ಅನ್ನುವುದರಲ್ಲಿದ್ದೆ.

ಮೈಸೂರುಲಾಯ
ಕಾನೂನು ಇರಲಿ, ನೆಲದ ಮಾತು ಯಾರೂ ಆಡ್ತಿಲ್ಲ. ಅರೇನಾ ಅಂದರೆ ಮರಳು. ಲೆಕ್ಕ ಹಾಕಿ: 800 ಚದರ ಮೀಟರ್, ನಾಲ್ಕು ಇಂಚು ಮರಳು ಅಂದರೆ 80 ಘನ ಮೀಟರ್. ಸುಮಾರು 130 ಟನ್. ನಮ್ಮ ರಾಜ್ಯದಲ್ಲಿ ಹೊಳೆ ಮರಳು ಸಿಗುವುದೇ ಕಷ್ಟ, ಸಿಕ್ಕರೆ ಚಿನ್ನದ ಬೆಲೆ. ಎಂ-ಸ್ಯಾಂಡ್ ಹಾಕಿದರೆ ಅದರ ಚೂಪು ಅಂಚು ಗೊರಸನ್ನು ತೇಯುತ್ತೆ, ದೂಳಿನ ಪುಡಿ ಕೂತು ಗಟ್ಟಿಯಾಗುತ್ತೆ.

ಮರಳು ಹಾಳಾಗುವುದು ಮೂರು ಕಾರಣಕ್ಕೆ. ಮೊದಲನೆಯದು ಲದ್ದಿ. ಒಂದು ಕುದುರೆ ದಿನಕ್ಕೆ ಹದಿನೈದು ಇಪ್ಪತ್ತು ಕೆಜಿ ಹಾಕುತ್ತೆ. ಆಗಲೇ ಎತ್ತದಿದ್ದರೆ ಕಾಲಡಿ ಪುಡಿಯಾಗಿ ಮರಳಿನ ಸಂದಿಗೆ ಇಳಿಯುತ್ತೆ. ಮಳೆಗಾಲದಲ್ಲಿ ನೀರು ಇಂಗಲ್ಲ, ಬೇಸಿಗೆಯಲ್ಲಿ ದೂಳು. ಎರಡನೆಯದು ಒಂದೇ ಜಾಡಿನಲ್ಲಿ ಓಡಿಸುವುದು. ಉದ್ದ ಹಗ್ಗ ಕಟ್ಟಿ ಒಂದೇ ಕಡೆ ಸುತ್ತಿಸಿದರೆ ಎರಡು ವಾರದಲ್ಲಿ ಬಾವಿಯ ಹಾಗೆ ಗುಂಡಿ. ಮೂರನೆಯದು ನಿಮಗೇ ಗೊತ್ತಾಗಿದೆ, ಒದ್ದೆ ನೆಲದಲ್ಲಿ ಓಟ.

ನಾನು ಹತ್ತು ವರ್ಷದಿಂದ ಮೂರು ಮನೆಯವರಿಗೆ ಬಿಟ್ಟಿದ್ದೀನಿ. ಬಾಗಿಲ ಪಕ್ಕ ಬುಟ್ಟಿ, ಸಲಿಕೆ, ಕುಂಟೆ. ಬಂದವರು ಲದ್ದಿ ಎತ್ತಿ, ಕುಂಟೆ ಎಳೆದು, ಬಾಗಿಲು ಹಾಕಿ ಹೋಗಬೇಕು. ಮಳೆ ಬಂದರೆ ನಾನು ಗ್ರೂಪ್‌ನಲ್ಲಿ 'ಇವತ್ತು ಇಲ್ಲ' ಅಂತ ಹಾಕ್ತೀನಿ. ಅದಕ್ಕೆ ಚರ್ಚೆ ಇಲ್ಲ. ದುಡ್ಡು ತೆಗೆದುಕೊಳ್ಳಲ್ಲ. ವರ್ಷಕ್ಕೊಮ್ಮೆ ಮರಳು ತುಂಬಿಸುವಾಗ ಎಲ್ಲರೂ ಟ್ರ್ಯಾಕ್ಟರ್ ಹಿಂದೆ ಸಲಿಕೆ ಹಿಡಿದು ನಿಲ್ತಾರೆ.

ಸುಮ್ನೆಓದುಗ
ಬೇಸಿಗೆಯಲ್ಲಿ ನೀರು ಹೊಡೀಬೇಕಾ?

ಮೈಸೂರುಲಾಯ
ಹೌದು. ಅರ್ಧ ಸೆಂಟಿಮೀಟರ್ ನೆನೆಯಬೇಕಾದರೂ 4000 ಲೀಟರ್, ಅಂದರೆ ಒಂದು ಟ್ಯಾಂಕರ್. ಬೋರ್‌ವೆಲ್ ನಂಬಿದವರಿಗೆ ಇದು ದೊಡ್ಡ ಮಾತು. ಪಕ್ಕದವರು ವಾರಕ್ಕೊಂದು ಟ್ಯಾಂಕರ್ ಹಾಕಿಸಲಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ದೀಪಕ್ಕಿಂತ ಅದೇ ಒಳ್ಳೆಯದು.

ಕೋರ್ಟ್‌ಹಾಲ್
ಟ್ಯಾಂಕರ್‌ಗೆ ನನ್ನ ತಕರಾರಿಲ್ಲ. ನೀರು ಶಾಶ್ವತ ಕಟ್ಟಡ ಅಲ್ಲ.

ಕಾಲರ್‌ಬೋನ್
ಮಕ್ಕಳ ವಿಷಯಕ್ಕೆ ಬರ್ತೀನಿ. ನನ್ನ ಮನೆಯಲ್ಲೇ ನಡೆದದ್ದು. ಪಕ್ಕದ ಮನೆ ಹುಡುಗ, ಹನ್ನೊಂದು ವರ್ಷ. ಚಪ್ಪಲಿ ಹಾಕಿಕೊಂಡು ಹತ್ತಿದ್ದ. ನಾನೇ ಹತ್ತಿಸಿದ್ದು. ಕುದುರೆ ಬೆದರಿದ್ದು ಗಾಳಿಗೆ ಹಾರಿದ ಒಂದು ಪ್ಲಾಸ್ಟಿಕ್ ಕವರ್‌ಗೆ. ಅವನ ಪಾದ ರಿಕಾಬಿನೊಳಗೆ (ಕಾಲಿಡುವ ಬಳೆ) ಹಿಮ್ಮಡಿವರೆಗೆ ತೂರಿಹೋಯಿತು. ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು, ಅಷ್ಟೇ. ಭುಜದ ಮೂಳೆ ಮುರಿಯಿತು. ದೇವರ ದಯೆ, ತಲೆಗೆ ಏನೂ ಆಗಲಿಲ್ಲ. ಖರ್ಚೆಲ್ಲ ನಾನೇ ಕೊಟ್ಟೆ, ಅದು ನನ್ನ ಕರ್ತವ್ಯ. ಆದರೂ ಆ ಮನೆಯವರು ಇವತ್ತಿಗೂ ಮಾತಾಡಲ್ಲ. ಹದಿನಾಲ್ಕು ವರ್ಷದ ಸ್ನೇಹ ಅದು. ಒಳ್ಳೆಯದು ಮಾಡಲು ಹೋಗಿ ಕಳೆದುಕೊಂಡೆ. ಮಕ್ಕಳನ್ನು ಹತ್ತಿಸಬೇಡಿ ಅಂತಲೇ ನನ್ನ ಸಲಹೆ.

ಹುರುಳಿಹೊಲ
ಇದನ್ನೇ ನಾನು ಮೊದಲಿನಿಂದ ಹೇಳ್ತಿರೋದು.

ಸೈಸನಮಗ
ಕಾಲರ್‌ಬೋನ್ ಅವರೇ, ನಿಮ್ಮ ನೋವು ಅರ್ಥ ಆಗುತ್ತೆ. ಆದರೂ ನಾನು ಬೇರೆ ಮಾತು ಹೇಳಬೇಕು.

ನಮ್ಮಪ್ಪ ಬೆಂಗಳೂರಿನಲ್ಲಿ ಸೈಸ ಆಗಿದ್ದರು. ನಲವತ್ತು ವರ್ಷ ಬೇರೆಯವರ ಕುದುರೆ ಉಜ್ಜಿದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹುರುಳಿ ಬೇಯಿಸುತ್ತಿದ್ದರು. ಅವರ ಅಂಗಿಗೆ ಯಾವಾಗಲೂ ಆ ಹುರುಳಿ ವಾಸನೆ, ಕುದುರೆ ಬೆವರಿನ ವಾಸನೆ. ನಾನು ಲಾಯದಲ್ಲೇ ಬೆಳೆದೆ, ಆದರೆ ಕುದುರೆ ಮೇಲೆ ಕೂರುವ ಹಾಗಿರಲಿಲ್ಲ. ನಮ್ಮಂಥವರದ್ದು ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸ. ಒಬ್ಬ ಮಾಲೀಕರು ಮಾತ್ರ ಒಂದು ದಿನ ನನ್ನನ್ನು ಕರೆದು ಕೂರಿಸಿದರು. ಆಗ ನನಗೆ ಹತ್ತು ವರ್ಷ. ಅಪ್ಪನೇ ಹಗ್ಗ ಹಿಡಿದಿದ್ದರು. ಜೀನಿನ ಮುಂದೆ ಕುದುರೆಯ ಕುತ್ತಿಗೆ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ಚರ್ಮದ ಕೆಳಗೆ ನರ ಪಟಪಟ ಅಂತಿತ್ತು. ಎರಡೇ ಸುತ್ತು. ಅಪ್ಪ ಹಿಂತಿರುಗಿ ನನ್ನ ಕಡೆ ನೋಡಿದ ಮುಖ ನನಗೆ ಈಗಲೂ ನೆನಪಿದೆ.

ಈಗ ನಾನು ಬ್ಯಾಂಕಿನಲ್ಲಿದ್ದೀನಿ. ಕುದುರೆ ಇಲ್ಲ, ಮುಂದೆಯೂ ಇಟ್ಟುಕೊಳ್ಳಲ್ಲ. ಆದರೆ ಆ ಎರಡು ಸುತ್ತು ನನ್ನದು. ಬೇಲಿಗೆ ಗದ್ದ ಊರಿ ನಿಂತ ಆ ಮಕ್ಕಳನ್ನು ವಾಪಸ್ ಕಳಿಸಬೇಡಿ ಸಾರ್. ಜಾಗ್ರತೆ ಎಷ್ಟು ಬೇಕೋ ಅಷ್ಟು ಮಾಡಿ. ಆದರೆ ಒಳಗೆ ಕರೆಯಿರಿ.

ಅಮ್ಮನಕೈತುತ್ತು
ಓದಿ ಕಣ್ಣು ತುಂಬಿತು.

ಬೈಕ್‌ಸವಾರ
ಮಕ್ಕಳಿಗೆ ಅವಕಾಶ ಸಿಕ್ಕರೆ ಏನೆಲ್ಲ ಆಗಬಹುದು ನೋಡಿ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು ಆಗಲೇ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್‌ವರೆಗೆ ಹೋಗಿ 23ನೇ ಸ್ಥಾನ ಪಡೆದರು.

ಹುರುಳಿಹೊಲ
ಅವರಿಗೆ ಒಳ್ಳೆಯ ಕುದುರೆ, ಕೋಚ್, ಹಣ ಎಲ್ಲ ಇತ್ತು. ಹಳ್ಳಿ ಮಕ್ಕಳಿಗೆ ಎರಡು ಸುತ್ತು ಹಾಕಿಸಿ ಆಸೆ ಹುಟ್ಟಿಸಿ ಬಿಡುವುದು ಸರೀನಾ?

ಸೈಸನಮಗ
ಆಸೆ ಹುಟ್ಟಿದರೆ ತಪ್ಪೇನು? ಮೈಸೂರಿನ ಪೊಲೀಸ್ ಅಶ್ವದಳದಲ್ಲಿ ಇರುವವರೆಲ್ಲ ಶ್ರೀಮಂತರ ಮಕ್ಕಳಾ? ದಸರಾ ಪಂಜಿನ ಕವಾಯತಿನಲ್ಲಿ ಬನ್ನಿಮಂಟಪದಲ್ಲಿ ಓಡುವ ಕುದುರೆ ಮೇಲಿನಿಂದ ಈಟಿಯಲ್ಲಿ ಗೂಟ ಕೀಳುವುದನ್ನು ನೋಡಿದ್ದೀರಾ? ಅವರೂ ಎಲ್ಲೋ ಒಂದು ಕಡೆ ಮೊದಲ ಸಲ ಹತ್ತಿರುತ್ತಾರೆ.

ಮೈಸೂರುಲಾಯ
ಮಕ್ಕಳಿಗೆ ನಾನು ಮಾಡುವುದು ಇಷ್ಟು. ಮೊದಲ ತಿಂಗಳು ಯಾರೂ ಹತ್ತಲ್ಲ. ಉಜ್ಜುವುದು, ಗೊರಸು ಕೆರೆಯುವುದು, ಕುದುರೆ ಪಕ್ಕ ಹೇಗೆ ನಡೆಯಬೇಕು, ಹಿಂದಿನಿಂದ ಯಾಕೆ ಹೋಗಬಾರದು, ಅಷ್ಟೇ. ಕುದುರೆ ಕಿವಿ ಹಿಂದಕ್ಕೆ ಒತ್ತಿದರೆ ಸಿಟ್ಟು ಅಂತ ಮಕ್ಕಳೇ ನಮಗಿಂತ ಬೇಗ ಕಲಿಯುತ್ತಾರೆ. ಆಮೇಲೆ ಹಗ್ಗ ಹಿಡಿದು ನಡಿಗೆ ಮಾತ್ರ. ಸವಾರಿಗೆ ಅಂತಲೇ ಮಾಡಿದ ಹೆಲ್ಮೆಟ್, ಗಲ್ಲದ ಪಟ್ಟಿ ಬಿಗಿ. ಬೈಕಿನ ಹೆಲ್ಮೆಟ್ ಭಾರ, ಕುತ್ತಿಗೆ ತಿರುಗಿಸಲು ಕಷ್ಟ, ಬೇಡ. ಸಣ್ಣ ಹಿಮ್ಮಡಿ ಇರುವ ಶೂ. ಕಾಲರ್‌ಬೋನ್ ಅವರು ಹೇಳಿದ್ದು ಅದೇ, ಚಪ್ಪಲಿಯಲ್ಲಿ ಪಾದ ತೂರಿಹೋಗುತ್ತೆ.

ದನಕರುಡಾಕ್ಟ್ರು
ಧನುರ್ವಾತದ ಚುಚ್ಚುಮದ್ದನ್ನೂ ಸೇರಿಸಿ. ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಅದರ ರೋಗಾಣು ಇದ್ದೇ ಇರುತ್ತೆ. ಸಣ್ಣ ಗೀರು ಸಾಕು. ಮಕ್ಕಳಿಗೂ ಬೇಕು, ಕುದುರೆಗೂ ಬೇಕು.

ಅಮ್ಮನಕೈತುತ್ತು
ಹೆತ್ತವರಲ್ಲಿ ಒಬ್ಬರಾದರೂ ಜೊತೆಗೆ ಬಂದು ನಿಂತಿರಲಿ. ನಮ್ಮ ಮಗು ಏನು ಮಾಡುತ್ತಿದೆ ಅಂತ ಕಣ್ಣಾರೆ ಕಂಡರೆ ಏನಾದರೂ ಆದಾಗ ತಪ್ಪು ತಿಳಿಯಲ್ಲ.

ಕಾಲರ್‌ಬೋನ್
ಇದು ನಿಜ. ಅವತ್ತು ಅವರ ಅಪ್ಪನೋ ಅಮ್ಮನೋ ಅಲ್ಲಿದ್ದಿದ್ದರೆ ಬಹುಶಃ ಇವತ್ತು ಮಾತಾಡ್ತಿದ್ದರು. ಸೈಸನಮಗ ಅವರೇ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. 'ಹತ್ತಿಸಬೇಡಿ' ಅಂದದ್ದನ್ನು ವಾಪಸ್ ತೆಗೆದುಕೊಳ್ತೀನಿ. 'ಹೀಗೆ ಸುಮ್ನೆ ಹತ್ತಿಸಬೇಡಿ' ಅಂತ ಓದಿಕೊಳ್ಳಿ.

ಡಲ್ಲಾಸ್‌ಮಾವ
ವಿಮೆ ಮಾಡಿಸಿ. ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಆಕ್ಟ್ 1991 ಅಂತ ಇದೆಯಲ್ಲ ಅಲ್ಲಿ?

ಕೋರ್ಟ್‌ಹಾಲ್
ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ, ಭೋಪಾಲ್ ದುರಂತದ ನಂತರ ಬಂದದ್ದು. ಕುದುರೆಗೂ ಅದಕ್ಕೂ ಸಂಬಂಧ ಇಲ್ಲ. ವಿಮಾ ಕಂಪನಿಗಳಲ್ಲಿ ಬೇರೆ ಹೊಣೆಗಾರಿಕೆ ಪಾಲಿಸಿ ಸಿಗುತ್ತೆ, ಕೇಳಿ ನೋಡಿ. ಪಕ್ಕದ ತೋಟದವರು ತಮ್ಮ ಅಪಘಾತ ಪಾಲಿಸಿಯನ್ನೂ ಓದಿಕೊಳ್ಳಲಿ. ಸಾಹಸ ಕ್ರೀಡೆಗೆ ಅನ್ವಯಿಸಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಯಾರ್ಕ್‌ಷೈರ್ ಕನ್ನಡಿಗ
ಒಂದು ಚಿಕ್ಕ ಮಾತು. ಇಬ್ಬರು ಒಟ್ಟಿಗೆ ಇದ್ದಾಗ ಎದುರು ಬದುರು ಬಂದರೆ ಎಡಗೈ ಕಡೆಗೆ ಎಡಗೈ ಬರುವ ಹಾಗೆ ದಾಟಬೇಕು. ಒಳಗೆ ಬರುವ ಮುಂಚೆ ಕೂಗಿ ಹೇಳಬೇಕು. ನಮ್ಮ ರಸ್ತೆ ಅಭ್ಯಾಸಕ್ಕೆ ಇದು ಉಲ್ಟಾ, ಬಾಗಿಲಲ್ಲೇ ಬರೆದು ಹಾಕಿ.

ತೋಟದಮನೆ
ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಪಕ್ಕದವರ ಜೊತೆ ಕೂತು ಒಂದು ಪುಟ ಬರೆದೆವು. ಮಂಗಳವಾರ, ಗುರುವಾರ, ಶನಿವಾರ ಸಂಜೆ. ಫ್ಲಡ್‌ಲೈಟ್ ಬೇಡ ಅಂತ ಕಾರಣ ಸಮೇತ ಹೇಳಿದೆ, ಅವರು ನಕ್ಕು ಟ್ಯಾಂಕರ್‌ಗೆ ಒಪ್ಪಿದರು. ಕುದುರೆಗಳ ರಕ್ತ ಪರೀಕ್ಷೆಗೆ ಹೋಗಿತ್ತು, ಎರಡೂ ಸರಿ ಇವೆ. ಮೊನ್ನೆ ಅವರು ಹೋದ ಮೇಲೆ ನೋಡಿದೆ. ಮರಳಿನ ಮೇಲೆ ಈ ತುದಿಯಿಂದ ಆ ತುದಿವರೆಗೆ ಕುಂಟೆಯ ಗೆರೆಗಳು, ಬಾಚಿದ ತಲೆಯ ಹಾಗೆ. ತಮ್ಮನಿಗೂ ಕರೆದು ತೋರಿಸಿದೆ. ಅವನು ಏನೂ ಹೇಳಲಿಲ್ಲ. ಆದರೆ ಹರಿದ ಬಟ್ಟೆಯ ಮೂಲೆಯನ್ನು ಅವನೇ ಕೂತು ಹೊಲಿದ.

ಮಕ್ಕಳು ಭಾನುವಾರ ಬರ್ತಾರೆ. ಇನ್ನೂ ಯಾರೂ ಹತ್ತಿಲ್ಲ. ಚಿಕ್ಕವಳೊಬ್ಬಳು ಗೊರಸು ಕೆರೆಯುವುದರಲ್ಲಿ ನಮ್ಮ ಸೈಸನಿಗಿಂತ ಅಚ್ಚುಕಟ್ಟು. ಅವಳ ಅಮ್ಮ ಬೇಲಿ ಹತ್ತಿರ ಹೂ ಕಟ್ಟುತ್ತಾ ಕೂತಿರುತ್ತಾರೆ. ಎರಡು ಹೆಲ್ಮೆಟ್ ತರಿಸಿದ್ದೀನಿ, ಮಗಳ ಹಳೆಯದು ಪಟ್ಟಿ ಸವೆದಿತ್ತು.

ಅಜ್ಜನಿಗೆ ಅಂಗಳ ಕೊಟ್ಟಾಯಿತು. ಚಿಲಕದ ಮೇಲೆ ಇನ್ನೊಂದು ಚಿಲಕ ಹಾಕಿಸಿದ್ದೀನಿ ಡಾಕ್ಟ್ರೇ.

ಸೈಸನಮಗ
ಆ ಚಿಕ್ಕವಳು ಹತ್ತುವ ದಿನ ಇಲ್ಲಿ ಬರೆಯಿರಿ.

ಸುಮ್ನೆಓದುಗ
ಕುಂಟೆ ಎಲ್ಲಿ ಸಿಕ್ಕಿತು? ಅಂಗಡಿಯಲ್ಲಿ ಕೇಳಿದರೆ ಆಮದು ಮಾಡಿದ್ದನ್ನು ತೋರಿಸ್ತಾರೆ, ಬೆಲೆ ಕೇಳಿ ಸುಮ್ಮನಾದೆ.

ತೋಟದಮನೆ
ನಮ್ಮ ಊರಿನ ಕಮ್ಮಾರರ ಹತ್ತಿರ ಮಾಡಿಸಿದ್ದು. ಹಳೆಯ ಕಲ್ಟಿವೇಟರ್‌ನ ಹಲ್ಲುಗಳನ್ನು ಅರ್ಧಕ್ಕೆ ಕತ್ತರಿಸಿ ಆಂಗಲ್‌ಗೆ ಬೆಸೆದಿದ್ದಾರೆ. ಹಲ್ಲು ಎರಡೂವರೆ ಇಂಚಿಗಿಂತ ಉದ್ದ ಬೇಡ, ಕೆಳಗಿನ ಬಟ್ಟೆಗೆ ತಾಗುತ್ತೆ. ಉಳಿದ ಅಳತೆ ನಾಳೆ ಬೆಳಿಗ್ಗೆ ಹಿಡಿದು ಹಾಕ್ತೀನಿ.